‘ಮುಂಬ್’ ಅಂದರೆ ಮುಂದೆ ಅಲ್ಲ: ಕಾಸರಗೋಡಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಪಯಸ್ವಿನಿ ಹೊಳೆಯ ಬಡಗು ಬದಿಯ ಒಂದು ಹಳ್ಳಿಯವನು. ಸ್ವಲ್ಪ ಅಡಿಕೆ ತೋಟ ಇದೆ. ಊರಿನ ದೈವಸ್ಥಾನದ ಸಮಿತಿಗೆ ಆರು ವರ್ಷದಿಂದ ಕಾರ್ಯದರ್ಶಿ. ಪ್ರತಿ ವರ್ಷ ಮಹಾಸಭೆಯಲ್ಲಿ ಬೇರೆ ಯಾರೂ ಕೈ ಎತ್ತುವುದಿಲ್ಲ, ಹಾಗಾಗಿ ನಾನೇ ಉಳಿದಿದ್ದೇನೆ. ಈ ಪತ್ರವನ್ನು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಬಂದು ನಿಮ್ಮ ಕೈಗೇ ಕೊಡಬಹುದಿತ್ತು. ಆದರೆ ನಮಗೆ ಆದದ್ದು ಪಕ್ಕದ ಊರಿನ ಭಜನಾ ಮಂದಿರಕ್ಕೂ ಆಗಿದೆ, ಅದರಾಚೆಯ ಕ್ಲಬ್ಬಿಗೂ ಆಗಿದೆ. ಅವರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಗಡಿ ಜಗಳ ತೆಗೆಯುತ್ತೇನೆ ಅಂತ ಹೆದರಬೇಡಿ. 1956ರಲ್ಲಿ ಏನಾಯಿತು, ಮಹಾಜನ ವರದಿಯಲ್ಲಿ ಹೊಳೆಯ ಯಾವ ಬದಿ ಯಾರಿಗೆ ಅಂತ ಬರೆದಿತ್ತು, ಅದೆಲ್ಲ ನಮ್ಮ ಹಿರಿಯರು ಮಾತಾಡಿ ಮಾತಾಡಿ ಸವೆದ ವಿಷಯ. ನಾನು ಹೇಳಲು ಹೊರಟಿರುವುದು ಕಸದ ಬಗ್ಗೆ. ಕಸದ ಕಾನೂನಿನ ಬಗ್ಗೆ. ಅದರಲ್ಲೂ ‘ಮುಂಬ್’ ಅನ್ನುವ ಒಂದು ಮಲಯಾಳ ಶಬ್ದದ ಬಗ್ಗೆ.

ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯುವುದಿಲ್ಲ. ಒಂದು ದಿನ ಮದುವೆ, ಇನ್ನೊಂದು ದಿನ ಉಪನಯನ, ನಡುವೆ ಒಂದು ಮನೆ ಒಕ್ಕಲು, ರಾತ್ರಿ ದೈವದ ನೇಮ ಇಲ್ಲವೇ ಯಕ್ಷಗಾನದ ಬಯಲಾಟ. ಶಾಲೆಗೆ ರಜೆ. ಬೆಂಗಳೂರಿನವರು, ದುಬೈಯವರು ಊರಿಗೆ ಬಂದಿರುತ್ತಾರೆ. ಅಡಿಕೆ ಒಣಗಿದ ಅಂಗಳಕ್ಕೇ ಚಪ್ಪರ ಬೀಳುತ್ತದೆ. ಗುಡ್ಡ ಕೊರೆದು ಮಾಡಿದ ಸುರಂಗದಲ್ಲಿ ನೀರು ಕಿರುಬೆರಳಿನಷ್ಟು ದಪ್ಪ ಬರುತ್ತಿರುತ್ತದೆ. ಆದರೂ ಐನೂರು ಜನರ ಊಟಕ್ಕೆ ಹೇಗೋ ನೀರು ಹೊಂದುತ್ತದೆ. 2025ರ ಬೇಸಗೆಯಲ್ಲಂತೂ ಮಧೂರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ, ಗಣಪತಿಗೆ ಅಪ್ಪ ಮುಚ್ಚುವ ಮೂಡಪ್ಪ ಸೇವೆ. 1992ರ ನಂತರ ಆದ ಮೂಡಪ್ಪ ಅದು. ಊರೂರಿನಿಂದ ಹೊರೆಕಾಣಿಕೆ ಹೋಯಿತು. ನಮ್ಮಲ್ಲಿಂದಲೂ ಒಂದು ಪಿಕಪ್ ತುಂಬ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಲೆ ಕಳಿಸಿದೆವು.

ಇದು ಒಂದೇ ಜಾತಿಯ, ಒಂದೇ ಭಾಷೆಯ ಸಂಭ್ರಮ ಅಂತ ತಿಳಿಯಬೇಡಿ. ಮಂಜೇಶ್ವರದ ಹತ್ತಿರ ಉದ್ಯಾವರದ ಮಾಡದ, ಅಂದರೆ ದೈವಸ್ಥಾನದ, ಉತ್ಸವಕ್ಕೆ ಮೊದಲು ದೈವದ ಪಾತ್ರಿಗಳು ಮಸೀದಿಗೆ ಹೋಗಿ ಆಹ್ವಾನ ಕೊಟ್ಟು ಬರುತ್ತಾರೆ. ಅಲ್ಲಿ ತುಳು, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಒಟ್ಟಿಗೇ ಕೇಳುತ್ತದೆ. ಸಪ್ತ ಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದು ನಿಜಕ್ಕೂ ಕಾಣುವುದು ಬೇಸಗೆಯ ಊಟದ ಸಾಲಿನಲ್ಲಿ.

ಈ ಗದ್ದಲಕ್ಕೆಲ್ಲ ಪತ್ತನಾಜೆಯೇ ಕೊನೆ. ತುಳುವರ ಬೇಶ ತಿಂಗಳಿನ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಅವತ್ತು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ನೇಮ ಇಲ್ಲ, ಆಟ ಇಲ್ಲ. ನಮ್ಮ ಜಿಲ್ಲೆ ಹುಟ್ಟಿದ್ದೂ 1984ರ ಮೇ 24ಕ್ಕೇ. "ಆಟ ಮುಗಿದ ದಿನ ಸರ್ಕಾರದವರು ಚೌಕಿಗೆ ಬಂದರು" ಅಂತ ನಮ್ಮ ಸಮಿತಿಯ ಖಜಾಂಚಿ ಮಾವ ಆಗಾಗ ನಗಾಡುತ್ತಾರೆ. ಚೌಕಿ ಅಂದರೆ ವೇಷ ಕಟ್ಟುವ ಜಾಗ. ಈ ಕಥೆಯಲ್ಲಿ ಅವರದ್ದೇ ಮುಖ್ಯ ಪಾತ್ರ.

ಈಗ ಕಾನೂನಿಗೆ ಬರುತ್ತೇನೆ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು, ದಿನಗಟ್ಟಲೆ ಪೇಟೆ ಇಡೀ ಹೊಗೆಯಲ್ಲಿ ಕೂತಿತ್ತು. ಅದಾದ ಮೇಲೆ ಸರ್ಕಾರ ಕಸದ ವಿಷಯದಲ್ಲಿ ಬಿಗಿ ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಂಚಾಯತ್ ಕಾನೂನಿಗೂ ಮುನಿಸಿಪಾಲಿಟಿ ಕಾನೂನಿಗೂ ತಿದ್ದುಪಡಿಯ ಸುಗ್ರೀವಾಜ್ಞೆ ಬಂತು. 2024ರಲ್ಲಿ ಅದು ಕಾಯಿದೆಯಾಯಿತು. ಕಂಡಕಂಡಲ್ಲಿ ಕಸ ಎಸೆದರೆ, ಸುಟ್ಟರೆ ದಂಡ. ಹೊಳೆಗೆ, ತೋಡಿಗೆ ಎಸೆದರೆ ದಂಡ 50,000 ರೂಪಾಯಿವರೆಗೆ, ಜೈಲು ಒಂದು ವರ್ಷದವರೆಗೆ ಹೋಗಬಹುದು. ಎಸೆಯುವವರ ಫೋಟೋ ತೆಗೆದು ಕಳಿಸಿದವರಿಗೆ ಬಹುಮಾನವೂ ಇದೆ. ಮನೆ ಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಗೆ ತಿಂಗಳ ಹಣ ಕೊಡದೆ ಬಾಕಿ ಇಟ್ಟರೆ ಮನೆ ತೆರಿಗೆಯ ಬಾಕಿಯ ಹಾಗೆ ವಸೂಲಿ.

ನಮ್ಮಂಥ ಸಮಿತಿಗಳಿಗೆ ಮುಖ್ಯವಾದದ್ದು ಇನ್ನೊಂದು. ನೂರಕ್ಕಿಂತ ಜಾಸ್ತಿ ಜನ ಸೇರುವ ಯಾವುದೇ ಕಾರ್ಯಕ್ರಮ ಇರಲಿ, ಕನಿಷ್ಠ ಮೂರು ದಿನ ಮೊದಲು ಪಂಚಾಯತಿಗೆ ತಿಳಿಸಬೇಕು. ಆದ ಕಸವನ್ನು ಬೇರೆ ಬೇರೆ ಮಾಡಿ, ಶುಲ್ಕ ಕಟ್ಟಿ, ಕಸ ಒಯ್ಯುವವರಿಗೆ ಕೊಡಬೇಕು.

ಒಳ್ಳೆ ಕಾನೂನು. ನನಗೆ ಇದರ ಮೇಲೆ ಯಾವ ತಕರಾರೂ ಇಲ್ಲ. ನೇಮದ ಮರುದಿನ ಬೆಳಿಗ್ಗೆ ಗದ್ದೆಯಲ್ಲಿ ಐಸ್‌ಕ್ರೀಂ ಕಪ್ಪು, ನೀರಿನ ಬಾಟಲಿ ಹೆಕ್ಕುವವನು ನಾನೇ. ಹಿಂದೆ ನಮ್ಮಲ್ಲಿ ಬಾಳೆಲೆ, ಅಡಿಕೆ ಹಾಳೆಯ ತಟ್ಟೆ ಬಿಟ್ಟರೆ ಬೇರೆ ಇರಲಿಲ್ಲ. ಮಜ್ಜಿಗೆಗೆ ಲೋಟ, ಕೈ ತೊಳೆಯಲು ಗಿಂಡಿ. ಎಲೆ ದನಕ್ಕೆ, ಹಾಳೆ ಗೊಬ್ಬರಕ್ಕೆ. ಪ್ಲಾಸ್ಟಿಕ್ ನಾವೇ ತಂದುಕೊಂಡ ಪೀಡೆ. ಪಟಾಕಿ, ಜನಸಂದಣಿಯ ವಿಷಯಕ್ಕೂ ಬಿಗಿ ಕಾನೂನು ಬೇಕು. 2024ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಆಗುವಾಗ ಪಟಾಕಿ ದಾಸ್ತಾನಿಗೆ ಬೆಂಕಿ ತಗಲಿತು. 150ಕ್ಕೂ ಜಾಸ್ತಿ ಜನ ಗಾಯಗೊಂಡರು, ಕೆಲವರು ಉಳಿಯಲಿಲ್ಲ. ಅದನ್ನು ಕೇಳಿದ ಮೇಲೆ ನಾವು ಕದಿನ ಅನ್ನುವ ಸಿಡಿಮದ್ದು ಇಡುವ ಜಾಗವನ್ನೇ ಬದಲಿಸಿದೆವು.

ಸರಿ, ಆದದ್ದೇನು ಅಂತ ಕೇಳಿ.

ನಮ್ಮ ನೇಮಕ್ಕೆ ಹತ್ತು ದಿನ ಇತ್ತು. ಗೊನೆ ಮುಹೂರ್ತ ಆಗಿತ್ತು. ಹರಿತ ಕರ್ಮ ಸೇನೆಯ ಚೇಚಿ (ಅಕ್ಕ) ಮಾಮೂಲಿನಂತೆ ಪ್ಲಾಸ್ಟಿಕ್ ತೆಗೆದುಕೊಂಡು ಹೋಗಲು ಬಂದವರು, ಪಂಚಾಯತಿನ ಒಂದು ಹಾಳೆ ಕೊಟ್ಟು ಹೋದರು. ಎಲ್ಲ ಸಮಿತಿಗಳಿಗೂ ಕೊಡುತ್ತಿದ್ದರಂತೆ. ಒಂದೇ ಪುಟ. ಮೇಲೆ ಲಾಂಛನ, ಕೆಳಗೆ ಸೀಲು. ನಡುವೆ ಇದ್ದದ್ದೆಲ್ಲ ಮಲಯಾಳ.

ಇಲ್ಲಿ ಒಂದು ಮಾತು ಹೇಳಬೇಕು. ನಮಗೆ ಮಲಯಾಳ ಬರುವುದಿಲ್ಲ ಅಂತ ಅಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಅಡಿಕೆ ಅಂಗಡಿಯಲ್ಲಿ ಮಾತಾಡುತ್ತೇವೆ. ತಮಾಷೆ ಮಾಡುತ್ತೇವೆ, ಬೇಕಾದರೆ ಜಗಳವನ್ನೂ ಮಾಡುತ್ತೇವೆ. ಆದರೆ ನನ್ನ ವಯಸ್ಸಿನ, ನನಗಿಂತ ಮೇಲಿನ ವಯಸ್ಸಿನ ಕನ್ನಡ ಶಾಲೆಯವರಿಗೆ ಓದಲು ಬರುವುದಿಲ್ಲ. ಬಾಯಿಯ ಮಲಯಾಳ ಬೇರೆ, ಕಾಗದದ ಮಲಯಾಳ ಬೇರೆ. ಬಾಯಿಯದ್ದಕ್ಕೆ ಎದುರು ಒಬ್ಬ ಮನುಷ್ಯ ಇರುತ್ತಾನೆ, ಗೊತ್ತಾಗದಿದ್ದರೆ ಇನ್ನೊಮ್ಮೆ ಕೇಳಬಹುದು. ಹಾಳೆಯ ಹತ್ತಿರ ಏನು ಕೇಳುವುದು?

ಸಂಜೆ ಸಮಿತಿಯ ಮೀಟಿಂಗ್. ಚಾವಡಿಯಲ್ಲಿ ಹದಿನೈದು ಜನ. ಆ ಹಾಳೆ ಕೈಯಿಂದ ಕೈಗೆ ಹೋಯಿತು. ಕೊನೆಗೆ ಒಬ್ಬ ಹುಡುಗನ ಕೈಯಲ್ಲಿ ನಿಂತಿತು. ಅವನು ಕನ್ನಡ ಮಾಧ್ಯಮದಲ್ಲೇ ಕಲಿತವನು, ಮಲಯಾಳದ ಅಕ್ಷರ ಬಸ್ಸಿನ ಬೋರ್ಡ್ ನೋಡಿ ನೋಡಿ ಅಂದಾಜು ಮಾಡಿಕೊಂಡವನು. ಒಂದೊಂದೇ ಅಕ್ಷರ ಕೂಡಿಸಿ ಓದಿದ. "ನೂರು... ಪೇರಿಲ್... ಕೂಡುದಲ್... ಮೂನ್ನು ದಿವಸಂ... ಮುಂಬ್..."

ಖಜಾಂಚಿ ಮಾವ ಹುಟ್ಟಿದ್ದು ಸುಳ್ಯದ ಕಡೆ. ಅವರ ಮಲಯಾಳ ಅಡಿಕೆಯ ರೇಟು ಕೇಳುವಷ್ಟು ಮಾತ್ರ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಕೊಟ್ಟರು. "ಮೂರು ದಿನ ಮುಂದೆ ಅಂತ ಅಲ್ವಾ? ನೇಮ ಕಳೆದು ಮೂರು ದಿನದೊಳಗೆ ಹೋಗಿ ಹೇಳಿದರಾಯ್ತು. ಎಷ್ಟು ಜನ ಬಂದರು ಅಂತ ಲೆಕ್ಕ ಕೊಡಬೇಕಲ್ಲ, ಅದಕ್ಕೇ."

ಎಷ್ಟು ಸರಿಯಾಗಿ ಕೇಳುತ್ತದೆ ನೋಡಿ. ಕನ್ನಡದಲ್ಲಿ ಮುಂದೆ ಅಂದರೆ ಇನ್ನು ಬರುವುದು. ಮುಂಬರುವ ಅಂದರೂ ಅದೇ. ಮಲಯಾಳದಲ್ಲಿ ಮುಂಬ್ ಅಂದರೆ ಮೊದಲು. ನನಗೆ ಅದು ಗೊತ್ತಿತ್ತು. ಆದರೆ ನಾನು ಆ ಹೊತ್ತಿಗೆ ಅಂಗಳದಲ್ಲಿ ಚಪ್ಪರದವನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ಒಳಗೆ ಬಂದಾಗ "ನೇಮ ಕಳೆದ ಮೇಲೆ ಹೋಗಿ ಹೇಳುವುದು" ಅಂತ ಮಿನಿಟ್ಸ್ ಪುಸ್ತಕದಲ್ಲಿ ಬರೆದಾಗಿತ್ತು. ನಾನು ಸಹಿ ಹಾಕಿದೆ. ನನ್ನ ತಪ್ಪೂ ಇದೆ, ಇಲ್ಲ ಅನ್ನುವುದಿಲ್ಲ.

ಶನಿವಾರ ರಾತ್ರಿ ನೇಮ ಚೆನ್ನಾಗಿಯೇ ಆಯಿತು. ಮಂಗಳವಾರ ಬೆಳಿಗ್ಗೆ ನಾನೂ ಮಾವನೂ ಬಿಳಿ ಪಂಚೆ ಉಟ್ಟು ಪಂಚಾಯತಿಗೆ ಹೋದೆವು. ಯಾವ ಪಂಚಾಯತ್ ಅಂತ ಹೇಳುವುದಿಲ್ಲ, ಅಲ್ಲಿಯವರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟು ಜನ, ಎಷ್ಟು ಎಲೆ, ಎಷ್ಟು ಗೋಣಿ ಕಸ, ಎಲ್ಲ ಕನ್ನಡದಲ್ಲಿ ನೀಟಾಗಿ ಬರೆದಿದ್ದೆವು. ಬಂದವರು 640 ಜನ ಅಂತ ಮಾವ ಎಲೆ ಎಣಿಸಿ ಬರೆದಿದ್ದರು. ಮೇಜಿನ ಆಚೆ ಇದ್ದವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು. ನಮ್ಮ ಕಾಗದದಲ್ಲಿ ಅವರಿಗೆ ಓದಲು ಬಂದದ್ದು ಅಂಕೆಗಳು ಮಾತ್ರ. ತಾರೀಕು ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ತಾರೀಕು ನೋಡಿದರು. ಆಮೇಲೆ 640ರ ಮೇಲೆ ಬೆರಳಿಟ್ಟರು.

ನಮ್ಮ ತಪ್ಪಿಗೆ ನಾವೇ ಸಾಕ್ಷಿ ಬರೆದುಕೊಂಡು ಹೋಗಿದ್ದೆವು!

ದಂಡ ಕಟ್ಟಿದೆವು. ರಸೀದಿಯೂ ಮಲಯಾಳದಲ್ಲೇ. ಅದು ಈಗ ನಮ್ಮ ಖರ್ಚಿನ ಪುಸ್ತಕದಲ್ಲಿ, ಹೂವಿನ ಬಿಲ್ಲಿನ ಮತ್ತು ಗರ್ನಾಲಿನ ಬಿಲ್ಲಿನ ನಡುವೆ ಅಂಟಿದೆ.

ಹೊರಡುವಾಗ ನಾನು ಕೇಳಿದೆ, ಈ ಹಾಳೆಯದ್ದು ಕನ್ನಡದಲ್ಲಿ ಒಂದು ಪ್ರತಿ ಸಿಗಬಹುದಾ ಅಂತ. ನನ್ನ ಮಲಯಾಳದಲ್ಲೇ ಕೇಳಿದೆ: "ಸಾರ್, ಇದಿನ್ಡೆ ಅನುವಾದಂ ಕಿಟ್ಟುಮೋ?" ಅವರು ತಲೆ ಎತ್ತಿ ನನ್ನನ್ನೇ ನೋಡಿದರು. "ಪರಿಪಾಡಿ ಕಳಿಞ್ಞಿಟ್ಟ್ ಎಂದಿನಾ ಅನುವಾದಂ?" ಕಾರ್ಯಕ್ರಮ ಮುಗಿದ ಮೇಲೆ ಯಾಕೆ ಅನುವಾದ? ನನಗೆ ತಲೆಬುಡ ಗೊತ್ತಾಗಲಿಲ್ಲ. ಮುಗಿದ ಮೇಲೆಯೇ ಅಲ್ವಾ ಬೇಕಾಗಿರುವುದು, ಮುಂದಿನ ವರ್ಷಕ್ಕೆ? ನಾನು ಮತ್ತೂ ಅನುವಾದ ಅನುವಾದ ಅಂತ ಹಟ ಹಿಡಿದೆ. ಅವರು ಮುಗಿದ ನೇಮಕ್ಕೆ ಕೊಡಲಿಕ್ಕೆ ಆಗುವುದಿಲ್ಲ ಅಂತ ಕೈ ಆಡಿಸಿದರು. ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಪ್ಯೂನ್, ನಮ್ಮೂರಿನ ಹುಡುಗಿ, ಬಿದ್ದು ಬಿದ್ದು ನಕ್ಕಳು. ಮಲಯಾಳದಲ್ಲಿ ಅನುವಾದಂ ಅಂದರೆ ಅನುಮತಿ. ನಾನು ತರ್ಜುಮೆ ಕೇಳುತ್ತಿದ್ದೆ, ಅವರು ಪರವಾನಗಿ ಇಲ್ಲ ಅನ್ನುತ್ತಿದ್ದರು. ಗೊತ್ತಾದ ಮೇಲೆ ಅವರೂ ನಕ್ಕರು, ಚಾಯ ತರಿಸಿದರು. ಆದರೆ ಕನ್ನಡದ ಪ್ರತಿ ಇರಲಿಲ್ಲ.

ಇಂಥ ಶಬ್ದಗಳು ಒಂದೆರಡಲ್ಲ ಸಾರ್. ಅವಧಿ ಅಂದರೆ ನಮಗೆ ಗಡುವು, ಮಲಯಾಳದಲ್ಲಿ ರಜೆ. ಅಪೇಕ್ಷೆ ಅಂದರೆ ನಮಗೆ ಆಸೆ, ಅಲ್ಲಿ ಅರ್ಜಿ. ನಿಯಮ ಅಂದರೆ ನಮಗೆ ಮನೆಯಲ್ಲಿ, ಮಠದಲ್ಲಿ ಪಾಲಿಸುವ ಕ್ರಮ, ಅಲ್ಲಿ ಅದೇ ಕಾನೂನು. ಪೂರ್ತಿ ಗೊತ್ತಿಲ್ಲದ ಭಾಷೆಯಾದರೆ ಮನುಷ್ಯ ಜಾಗ್ರತೆಯಿಂದ ಇನ್ನೊಬ್ಬರಲ್ಲಿ ಕೇಳುತ್ತಾನೆ. ಅರ್ಧ ಗೊತ್ತಿರುವ ಭಾಷೆಯಲ್ಲಿ ಗೊತ್ತಾಯಿತು ಅಂತಲೇ ತಿಳಿದು ಹೊಂಡಕ್ಕೆ ಬೀಳುತ್ತಾನೆ.

ಹಾಗಂತ ನಾನು ಹೊಸದೇನನ್ನೂ ಕೇಳುತ್ತಿಲ್ಲ. 1969ರ ಅಧಿಕೃತ ಭಾಷೆಗಳ ಕಾನೂನಿನ ಕಾಲದಿಂದಲೂ ಕನ್ನಡದವರು, ತಮಿಳಿನವರು ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅನ್ನುವ ಮಾತಿದೆ. 2025ರ ಅಕ್ಟೋಬರ್‌ನಲ್ಲಿ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗ ಇಲ್ಲಿ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ಗೊತ್ತು. ಕರ್ನಾಟಕದ ಮುಖ್ಯಮಂತ್ರಿಗಳು ಪತ್ರ ಬರೆದರು. ಅದಕ್ಕೆ ಕೇರಳ ಸರ್ಕಾರ ಕೊಟ್ಟ ಉತ್ತರವೂ ಇದೇ: ಹೆದರಬೇಡಿ, ಕನ್ನಡದವರು ಕನ್ನಡದಲ್ಲೇ ವ್ಯವಹರಿಸಬಹುದು, ಮಸೂದೆಯಲ್ಲೇ ಅದನ್ನು ಬರೆದಿದ್ದೇವೆ ಅಂತ. ಸಂತೋಷ. ನಾನು ಆ ಮಾತನ್ನು ನಂಬಿಯೇ ಬರೆಯುತ್ತಿದ್ದೇನೆ.

ನಾವು ಬರೆದರೆ ಕನ್ನಡದಲ್ಲಿ ಉತ್ತರ, ಸರಿ. ಆದರೆ ನಾವು ಬರೆಯುವ ಮೊದಲೇ ನೀವು ಕಳಿಸುವ ಹಾಳೆ ಯಾವ ಭಾಷೆಯಲ್ಲಿ ಇರಬೇಕು? ನಮ್ಮ ಕಷ್ಟ ಇರುವುದು ಅಲ್ಲಿ. ದಂಡ ಬೀಳುವುದು ಆ ಹಾಳೆಯಿಂದ.

ಕನ್ನಡದಲ್ಲಿ ಅಚ್ಚು ಹಾಕುವುದು ಆಗದ ಕೆಲಸ ಅಂತ ಯಾರೂ ಹೇಳುವಂತಿಲ್ಲ. ನಮ್ಮ ಮಕ್ಕಳ ಪಾಠಪುಸ್ತಕ ಸರ್ಕಾರದಿಂದ ಕನ್ನಡದಲ್ಲೇ ಬರುತ್ತದೆ. ಪಿಎಸ್‌ಸಿ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ಇದೆ. ಕನ್ನಡ, ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆ ಅಂತಲೇ ಬೇರೆ ಇದೆ. 2025ರ ಡಿಸೆಂಬರ್‌ನಲ್ಲಿ ಪಂಚಾಯತ್ ಚುನಾವಣೆ ಆಯಿತಲ್ಲ, ಆಗ ವೋಟಿನ ಯಂತ್ರದ ಮೇಲೆ ಅಭ್ಯರ್ಥಿಯ ಹೆಸರು ಕನ್ನಡದಲ್ಲೂ ಇತ್ತು. ಮನೆಗೆ ಬಂದ ನೋಟೀಸುಗಳೂ ಚಂದದ ಕನ್ನಡದಲ್ಲಿದ್ದವು. ಎಲ್ಲ ಪಕ್ಷದವರದ್ದೂ! ವೋಟು ಹಾಕುವಾಗ ಇದ್ದ ಕನ್ನಡ ದಂಡ ಹಾಕುವಾಗ ಎಲ್ಲಿ ಹೋಯಿತು ಅಂತ ಖಜಾಂಚಿ ಮಾವ ಕೇಳುತ್ತಾರೆ. ನನ್ನಲ್ಲಿ ಉತ್ತರ ಇಲ್ಲ, ನಿಮಗೆ ದಾಟಿಸುತ್ತಿದ್ದೇನೆ.

"ನಿಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಾರಲ್ಲ, ಅವರಲ್ಲಿ ಓದಿಸಿ" ಅಂತ ಒಬ್ಬರು ಸಲಹೆ ಕೊಟ್ಟರು. ನಿಜ, 2017ರ ಕಾನೂನು ಬಂದ ಮೇಲೆ ಕನ್ನಡ ಶಾಲೆಗಳಲ್ಲೂ ಮಲಯಾಳ ಕಲಿಸುತ್ತಾರೆ. ನನ್ನ ಅಣ್ಣನ ಮಗಳು ನಾಲ್ಕನೇ ಕ್ಲಾಸು, ಚೆನ್ನಾಗಿ ಓದುತ್ತಾಳೆ. ಓದಿಸಿಯೂ ನೋಡಿದೆ. "ದೊಡ್ಡ ಕಾಗದ ಚಿಕ್ಕಪ್ಪಾ, ಅರ್ಥ ಟೀಚರ್ ಹೇಳಿಕೊಟ್ಟಿಲ್ಲ" ಅಂದಳು. ಎಪ್ಪತ್ತು ದಾಟಿದ ಖಜಾಂಚಿಗೆ, ಅಷ್ಟೂ ಹಣದ ಜವಾಬ್ದಾರಿ ಇರುವವರಿಗೆ, ಒಂಬತ್ತು ವರ್ಷದ ಹುಡುಗಿ ಜೈಲು, ದಂಡ ಅಂತೆಲ್ಲ ಓದಿ ಹೇಳಬೇಕು ಅಂದರೆ ಹೇಗೆ ಸಾರ್?

ಓದಲು ಬಂದರೂ ಕೆಲವು ಪ್ರಶ್ನೆ ಉಳಿಯುತ್ತದೆ ಅನ್ನಿ. ನೇಮದಲ್ಲಿ ನೂರು ಜನ ಅಂದರೆ ಯಾವ ಹೊತ್ತಿನ ಲೆಕ್ಕ? ಸಂಜೆ ಭಂಡಾರ ಇಳಿಯುವಾಗ ಅರುವತ್ತು ಜನ ಇರುತ್ತಾರೆ. ಊಟದ ಹೊತ್ತಿಗೆ ಐನೂರು. ಬೆಳಗಿನ ಜಾವ ದೈವ ನುಡಿ ಕೊಡುವಾಗ ನಿದ್ದೆ ತಡೆದು ಕೂತವರು ನಲುವತ್ತು. ಮದುವೆಯಾದರೆ ಅಡಿಗೆಯವರನ್ನು ಎಣಿಸಬೇಕಾ? ರಜೆಯಲ್ಲಿ ಶಾಲೆಯಲ್ಲಿ ಮಕ್ಕಳ ಶಿಬಿರ ಮಾಡುತ್ತೇವೆ, ಚಿತ್ರ, ಹಾಡು, ಗಾಳಿಪಟ. ಮಕ್ಕಳು ತೊಂಬತ್ತು, ನೋಡಲು ಬರುವ ಅಮ್ಮಂದಿರು ಇಪ್ಪತ್ತು. ಅದಕ್ಕೂ ತಿಳಿಸಬೇಕಾ? ಇವೆಲ್ಲ ಸಣ್ಣ ಪ್ರಶ್ನೆಗಳು. ಆದರೆ ಕೇಳಬೇಕಾದರೆ ಮೊದಲು ಓದಿರಬೇಕಲ್ಲ.

ಈಗ ನಮ್ಮ ಹತ್ತಿರ ಒಂದು ಕನ್ನಡ ಪ್ರತಿ ಇದೆ. ಅದು ಆದದ್ದು ಹೀಗೆ. ದಂಡದ ವಿಷಯ ಕೇಳಿ ಹರಿತ ಕರ್ಮ ಸೇನೆಯ ಚೇಚಿಗೆ ಬೇಜಾರಾಯಿತು. ಹಾಳೆ ಕೊಟ್ಟವಳು ನಾನೇ ಅಲ್ವಾ ಅಂತ. ಅವರ ಮನೆಮಾತು ಮಲಯಾಳ, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಮ್ಮದರ ಉಲ್ಟಾ. ಮುಂದಿನ ತಿಂಗಳು ಬಂದಾಗ ಚೀಲ ಜಗಲಿಯಲ್ಲಿಟ್ಟು, ಕೈ ತೊಳೆದು, ಕೂತು ಇಡೀ ಹಾಳೆ ಓದಿದರು. ಒಂದು ವಾಕ್ಯ ಅವರು ಮಲಯಾಳದಲ್ಲಿ ಓದುವುದು, ಹಾಗೆಂದರೆ ಏನು ಅಂತ ಹರಕು ಮುರುಕು ಕನ್ನಡದಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಬರೆಯಲು ಕೈಗೆ ಸಿಕ್ಕಿದ್ದು ಮುಗಿದ ನೇಮದ ಆಮಂತ್ರಣ ಪತ್ರಿಕೆಯ ಹಿಂಬದಿ. ಸುಮಾರು ಒಂದು ಗಂಟೆ ಹಿಡಿಯಿತು. ನಡುವೆ ಎರಡು ಸಲ ಬೆಲ್ಲ, ನೀರು ಆಯಿತು. ‘ಮುಂಬ್’ ಬಂದಾಗ ಚೇಚಿ ಬೆರಳು ಹಿಂದಕ್ಕೆ ತೋರಿಸಿ, "ಮೊದಲು, ಮೊದಲು" ಅಂತ ಮೂರು ಸಲ ಹೇಳಿದರು. ನಾನು ಅದಕ್ಕೆ ಅಡಿಗೆರೆ ಹಾಕಿದೆ.

ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆ. ಈಗ ಅದು ನಾಲ್ಕೈದು ಊರಿನ ಗ್ರೂಪುಗಳಲ್ಲಿ ತಿರುಗುತ್ತಿದೆ. ಒಂದು ಕಡೆ ಚಾ ಚೆಲ್ಲಿದ ಕಲೆ ಇದೆ, ಇನ್ನೊಂದು ಕಡೆ ದೈವದ ಹೆಸರು ಮಸುಕಾಗಿ ಹಿಂದಿನಿಂದ ಕಾಣುತ್ತದೆ. ಸರ್ಕಾರದ ಕಾನೂನು ನಮ್ಮ ಕಡೆ ಸದ್ಯಕ್ಕೆ ಕನ್ನಡದಲ್ಲಿ ಸಿಗುವುದು ಆ ಒಂದು ಹಾಳೆಯಲ್ಲಿ. ಅದನ್ನು ಯೋಚಿಸಿದರೆ ನನಗೆ ಹೆಮ್ಮೆಗಿಂತ ಹೆದರಿಕೆ ಜಾಸ್ತಿ. ನಾನು ಎಲ್ಲಿಯಾದರೂ ತಪ್ಪು ಬರೆದಿದ್ದರೆ ಐದು ಊರಿನವರು ದಂಡ ಕಟ್ಟುತ್ತಾರೆ.

ಆದ್ದರಿಂದ ಕೇಳುವುದು ಇಷ್ಟೇ. ಕನ್ನಡದವರಿರುವ ಪಂಚಾಯತುಗಳಿಗೆ ಹೋಗುವ ಇಂಥ ಪ್ರತಿ ಹಾಳೆಯ ಹಿಂಬದಿಯಲ್ಲಿ ಅದೇ ವಿಷಯ ಕನ್ನಡದಲ್ಲಿ ಅಚ್ಚಾಗಲಿ. ಬೇರೆ ಕಾಗದ ಬೇಡ, ಹಿಂಬದಿ ಹೇಗೂ ಖಾಲಿ ಇರುತ್ತದೆ. ತರ್ಜುಮೆ ಗೂಗಲಿನಿಂದ ಮಾಡಿಸಬೇಡಿ, ಅದು ಮಾವನಿಗಿಂತ ಧೈರ್ಯವಾಗಿ ತಪ್ಪು ಹೇಳುತ್ತದೆ. ಎರಡೂ ಭಾಷೆ ಬಲ್ಲ ಮೇಷ್ಟ್ರುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ನೇಮ, ಆಟ ಶುರುವಾಗುವ ಮೊದಲು ಜೀಪಿನಲ್ಲಿ ಮೈಕ್ ಕಟ್ಟಿ ಒಮ್ಮೆ ಕನ್ನಡದಲ್ಲಿ, ತುಳುವಿನಲ್ಲಿ ಹೇಳಿಸಿದರೆ ಇನ್ನೂ ಒಳ್ಳೆಯದು. ದಂಡ ಹಾಕುವ ಮೊದಲ ವರ್ಷ ಎಚ್ಚರಿಕೆ ಕೊಟ್ಟು ಬಿಡಬಹುದಾ ಅಂತಲೂ ಕೇಳಬೇಕೆಂದಿದ್ದೆ. 640 ಅಂತ ನಾವೇ ಬರೆದುಕೊಟ್ಟ ಮೇಲೆ ಕೇಳಲು ನಾಚಿಕೆ ಆಗುತ್ತದೆ.

ಅವಸರ ಇಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮತ್ತೆ ಕಟ್ಟುವುದು ದೀಪಾವಳಿ ಕಳೆದು. ನಡುವೆ ಐದು ತಿಂಗಳ ಮಳೆಗಾಲ ಇದೆ. ಒಂದು ಪುಟಕ್ಕೆ ಅಷ್ಟು ಸಾಕು ಅಂತ ನನ್ನ ಲೆಕ್ಕ.

ಈ ಪತ್ರದ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ಕಚೇರಿಗೂ ಕಳಿಸಿದ್ದೇನೆ. ಜೊತೆಗೆ ಆಮಂತ್ರಣ ಪತ್ರಿಕೆಯ ಹಿಂಬದಿಯ ನಮ್ಮ ತರ್ಜುಮೆಯ ಜೆರಾಕ್ಸ್ ಇಟ್ಟಿದ್ದೇನೆ. ಯಾರಾದರೂ ಬಲ್ಲವರಿಗೆ ಕೊಟ್ಟು, ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿಕೊಡಿ. ಕನ್ನಡದಲ್ಲಿ ಉತ್ತರ ಬಂದರೆ ಈ ಸಲ ಮೀಟಿಂಗಿನಲ್ಲಿ ನಾನೇ ಓದುತ್ತೇನೆ ಅಂತ ಖಜಾಂಚಿ ಮಾವ ಈಗಲೇ ಕನ್ನಡಕ ಒರೆಸಿ ಇಟ್ಟುಕೊಂಡಿದ್ದಾರೆ.

ಇತಿ ನಿಮ್ಮ ಜಿಲ್ಲೆಯ,
ಒಂದು ದೈವಸ್ಥಾನದ ಕಾರ್ಯದರ್ಶಿ